ದೇವರಿಗೆ ಹೆದರಿದವರ ಮಾತು ಕೇಳುವವರು

ಪ್ರಭುಭೋಜನದ ಭಾನುವಾರ ಸಭೆಯವರೆಲ್ಲ ಸಾಲುಗಟ್ಟಿ ಮುಂದಕ್ಕೆ ಹೋಗುವಾಗ ಒಬ್ಬಿಬ್ಬರು ಬೆಂಚಿನಲ್ಲೇ ತಲೆ ತಗ್ಗಿಸಿ ಕೂತಿರುತ್ತಾರೆ. ಮಂಡಿನೋವಿರಬೇಕು, ಮೈ ಸರಿಯಿಲ್ಲದಿರಬೇಕು ಎಂದು ಪಕ್ಕದವರು ತಮಗೆ ತೋಚಿದ್ದನ್ನು ಅಂದುಕೊಂಡು ಸುಮ್ಮನಾಗುತ್ತಾರೆ. ನಿಜವಾದ ಕಾರಣ ಎಷ್ಟೋ ಸಲ ಬೇರೆಯೇ ಇರುತ್ತದೆ. ಆ ರೊಟ್ಟಿಯ ಚೂರನ್ನು ಕೈಗೆ ತೆಗೆದುಕೊಳ್ಳಲು ಅವರಿಗೆ ಹೆದರಿಕೆ. ಅಯೋಗ್ಯರಾಗಿ ತಿಂದವರು ಶಿಕ್ಷೆಯನ್ನೇ ತಿಂದಂತೆ ಎಂಬ ಮಾತು ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದು ಎದೆಯಲ್ಲಿ ಕೂತುಬಿಟ್ಟಿದೆ.

ಆ ಮಾತಿನ ಮೂಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಅಲ್ಲಿ ಅವನು ಗದರುತ್ತಿರುವುದು ಅಂಜುಬುರುಕರನ್ನಲ್ಲ. ಸಭೆಯ ಉಳ್ಳವರು ತಮ್ಮ ಊಟವನ್ನು ತಾವು ಮೊದಲೇ ಮುಗಿಸಿ, ಕುಡಿದು, ಇಲ್ಲದವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಅವಮಾನ ಮಾಡುತ್ತಿದ್ದರು. ಬೈಗುಳ ಅವರಿಗೆ. ಸುಮಾರು ಎರಡು ಸಾವಿರ ವರ್ಷ ಕಳೆದ ಮೇಲೆ ಅದು ತಾಗುತ್ತಿರುವುದು ಮಾತ್ರ ಬೆಂಚಿನ ತುದಿಯಲ್ಲಿ ಕೂತ, ಯಾರಿಗೂ ಕೇಡು ಬಯಸದ ಹೆಂಗಸಿಗೆ.

ದೇವರನ್ನು ನಂಬಿಯೂ ದೇವರೆಂದರೆ ನಡುಗುವ ಈ ಸ್ಥಿತಿ ಹೊಸದಲ್ಲ, ಅಪರೂಪವೂ ಅಲ್ಲ. ಆದರೆ ಇದನ್ನು ಹೇಳಿಕೊಳ್ಳುವವರು ಕಡಿಮೆ. ಸಾಲ ಇದೆಯೆಂದು ಹೇಳಿಕೊಳ್ಳಬಹುದು, ಗಂಡ ಕುಡಿಯುತ್ತಾನೆಂದೂ ಹೇಳಿಕೊಳ್ಳಬಹುದು. ದೇವರು ನನ್ನನ್ನು ಕಂಡರೆ ಸಿಟ್ಟಾಗುತ್ತಾನೆ ಎಂದು ಯಾರ ಮುಂದೆ ಹೇಳುವುದು? ಕ್ರೈಸ್ತ ಆಪ್ತಸಮಾಲೋಚನೆ ಎಂಬ ಕೆಲಸಕ್ಕೆ ಅತ್ಯಂತ ಸೂಕ್ಷ್ಮವಾದ ಜಾಗ ಇದು.

ಈ ಹೆದರಿಕೆಯನ್ನು ಮುಂಬಯಿ ಆಸುಪಾಸಿನ ಕನ್ನಡ ಕ್ರೈಸ್ತರ ನಡುವೆ ಇಟ್ಟು ನೋಡೋಣ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ಈ ಭಾಗದಲ್ಲಿ ಕ್ರೈಸ್ತರ ಕಥೆ ಬಹಳ ಹಿಂದಿನದು. ಪೋರ್ಚುಗೀಸರು ಬರುವುದಕ್ಕೆ ಎಷ್ಟೋ ಮೊದಲು, 1321ರಲ್ಲಿ, ಥಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಯಿತು. ಅವರ ಜೊತೆಗಾರ ಜೋರ್ಡಾನಸ್ ಅದನ್ನು ಬರೆದಿಟ್ಟಿದ್ದಾನೆ. ಅವರಿಗೆ ತಂಗಲು ಮನೆ ಕೊಟ್ಟವರು ಆಗಲೇ ಇಲ್ಲಿ ನೆಲೆಸಿದ್ದ ಪೂರ್ವದೇಶದ ಕ್ರೈಸ್ತರು. ಇಂದು ಮಾಸುಂದಾ ಕೆರೆಯ ಬಳಿ ನಿಂತಿರುವ ಸ್ನಾನಿಕ ಯೊವಾನ್ನರ ಇಗರ್ಜಿ ಪೋರ್ಚುಗೀಸರ ಕಾಲದ ನೆನಪು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ನಿಂತದ್ದು ಥಾಣೆಯಲ್ಲಿ. ಆಮೇಲೆ ಆ ಹಳಿಗಳು ಇಡೀ ದಕ್ಷಿಣವನ್ನು ಇಲ್ಲಿಗೆ ತಂದವು. ಕಲ್ಯಾಣದಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಕಲಬುರಗಿ, ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿದರೆ ಉಡುಪಿ, ಮಂಗಳೂರು. ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸುವಷ್ಟು ಕನ್ನಡಿಗರು ಇಲ್ಲಿ ಬೇರುಬಿಟ್ಟರು.

ಅವರ ನಡುವೆ ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಕೊಂಕಣಿ ಮಾತಾಡಿ ಕನ್ನಡ ಲಿಪಿಯಲ್ಲಿ ಓದುವ ಮಂಗಳೂರು ಕಡೆಯ ಕಥೊಲಿಕರು, ಬಾಸೆಲ್ ಮಿಷನಿನ ನೆರಳಿನಲ್ಲಿ ಬೆಳೆದ ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯ ಪ್ರೊಟೆಸ್ಟಂಟರು, ಬೀದರ್ ಕಡೆಯ ಮೆಥೊಡಿಸ್ಟರು. ಭಾನುವಾರ ಪೂಜೆಗೆ, ಆರಾಧನೆಗೆ ಸಿಕ್ಕಿದ್ದು ಇಂಗ್ಲಿಷೋ ಮರಾಠಿಯೋ ಹಿಂದಿಯೋ ಆದರೂ ಇವರಿಗೆ ನಡೆಯುತ್ತದೆ. ಹೆದರಿಕೆ ಮಾತ್ರ ಊರಿನ ಭಾಷೆಯಲ್ಲೇ ಉಳಿದಿದೆ.

ಅದು ಒಳಗೆ ಇಳಿದ ಬಗೆ ಕನ್ನಡದ ಮಕ್ಕಳಿಗೆಲ್ಲ ಗೊತ್ತು. ಸುಳ್ಳು ಹೇಳಿದರೆ ದೇವರು ಕಣ್ಣು ಕೀಳ್ತಾನೆ. ಕದ್ದು ತಿಂದರೆ ಕೈ ಬಿದ್ದುಹೋಗುತ್ತೆ. ಇದರಲ್ಲಿ ಹಿಂದೂ ಕ್ರೈಸ್ತ ಎಂಬ ಭೇದವಿಲ್ಲ, ಹೊಲದ ಬದುವಿನಲ್ಲಿ ಆಡುವ ಮಕ್ಕಳಿಗೆ ಅಜ್ಜಿಯಂದಿರು ಹೇಳುವುದು ಒಂದೇ. ಅದರ ಮೇಲೆ ಕ್ರೈಸ್ತ ಮನೆಗಳಲ್ಲಿ ಇನ್ನೊಂದು ಪದರ ಕೂಡಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನಿನ ಮೊದಲ ಮೂವರಲ್ಲಿ ಒಬ್ಬನಾದ ಸ್ಯಾಮ್ಯುಯೆಲ್ ಹೆಬಿಕ್ ಉಪದೇಶಕ್ಕೆ ಹೋಗುವಾಗ ಹೃದಯದ ಚಿತ್ರಗಳನ್ನು ಒಯ್ಯುತ್ತಿದ್ದ. ಜರ್ಮನಿಯ ಯೊಹಾನೆಸ್ ಗೊಸ್ನರ್ 1812ರಲ್ಲಿ ಹೊರತಂದ ಪುಸ್ತಕದ ಚಿತ್ರಗಳವು. ಕನ್ನಡದ ಕ್ರೈಸ್ತರು ಅದನ್ನು 'ಹೃದಯದರ್ಪಣ'ವೆಂದು ಬಲ್ಲರು. ದೊಡ್ಡದೊಂದು ಹೃದಯ, ಅದರ ಮೇಲೆ ಮನುಷ್ಯನ ಮುಖ. ಒಳಗೆ ಗರ್ವದ ನವಿಲು, ಕಾಮದ ಹೋತ, ಹೊಟ್ಟೆಬಾಕತನದ ಹಂದಿ, ಸೋಮಾರಿತನದ ಆಮೆ, ಕೋಪದ ಹುಲಿ, ಹೊಟ್ಟೆಕಿಚ್ಚಿನ ಹಾವು, ದುರಾಸೆಯ ಕಪ್ಪೆ, ಇವೆಲ್ಲದರ ನಡುವೆ ಸೈತಾನ. ಪುಟ ತಿರುಗಿಸುತ್ತ ಹೋದರೆ ಬೆಳಕು ಒಳಹೊಕ್ಕು ಪ್ರಾಣಿಗಳು ಒಂದೊಂದಾಗಿ ಹೊರಗೋಡುತ್ತವೆ, ಹೃದಯದೊಳಗೆ ಶಿಲುಬೆ ನಿಲ್ಲುತ್ತದೆ. ಪುಸ್ತಕ ಹೇಳಹೊರಟದ್ದು ಆ ಬಿಡುಗಡೆಯನ್ನು. ಆದರೆ ಪಾಪಿಯ ಮರಣಶಯ್ಯೆಯ ಚಿತ್ರವೂ ಅದರಲ್ಲಿದೆ, ಸುತ್ತ ದೆವ್ವಗಳು ಕಾದು ನಿಂತಿವೆ. ಏಳು ವರ್ಷದ ಕೂಸು ರಾತ್ರಿ ಹಾಸಿಗೆಯಲ್ಲಿ ನೆನೆಯುವುದು ಶಿಲುಬೆಯ ಪುಟವನ್ನೋ ದೆವ್ವದ ಪುಟವನ್ನೋ ಎಂದು ಕೇಳಬೇಕಾಗಿಲ್ಲ.

ಕಥೊಲಿಕರಲ್ಲಿ ಇದೇ ಹೆದರಿಕೆ ಕುಮ್ಸಾರಿನ, ಅಂದರೆ ಪಾಪನಿವೇದನೆಯ, ಸುತ್ತ ಹೆಣೆದುಕೊಳ್ಳುತ್ತದೆ. ಎಲ್ಲವನ್ನೂ ಹೇಳಿದೆನೇ? ಒಂದನ್ನು ಬಿಟ್ಟೆನೇ? ಬಿಟ್ಟಿದ್ದರೆ ಉಳಿದದ್ದೂ ಕ್ಷಮೆಯಾಗಲಿಲ್ಲವೇ? ಹೊರಗೆ ಬಂದು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಅನುಮಾನ ಹಿಂದೆಯೇ ಬರುತ್ತದೆ.

ಈ ಅನುಮಾನದಿಂದ ಸಾಯುವ ಅಂಚಿಗೆ ಹೋಗಿ ಹಿಂದಿರುಗಿದವರಲ್ಲಿ ಯೇಸುಸಭೆಯನ್ನು ಕಟ್ಟಿದ ಇಗ್ನೇಷಿಯಸ್ ಲೊಯೋಲ ಒಬ್ಬ. ಮಂಗಳೂರಿನ ಅಲೋಶಿಯಸ್ ಕಾಲೇಜು, ಮುಂಬಯಿಯ ಕ್ಸೇವಿಯರ್ಸ್ ಕಾಲೇಜುಗಳಲ್ಲಿ ಓದಿದ ಕನ್ನಡಿಗರಿಗೆ ಅವನ ಹೆಸರು ಚೆನ್ನಾಗಿ ಗೊತ್ತು, ಅವನು ಪಟ್ಟ ಈ ಪಾಡು ಅಷ್ಟಾಗಿ ಗೊತ್ತಿಲ್ಲ. ಸ್ಪೇನಿನ ಕತಲೋನಿಯ ಪ್ರಾಂತದ ಮನ್ರೇಸಾ ಊರಿನಲ್ಲಿ 1522ರಲ್ಲಿ ಅವನು ತಂಗಿದ್ದ. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥನೆ. ಇಡೀ ಜೀವನದ ಪಾಪಗಳನ್ನು ಬರೆದು ನಿವೇದಿಸಿ ಮುಗಿಸಿದ್ದ. ಆದರೂ ಸಮಾಧಾನವಿಲ್ಲ. ಅದೇ ಪಾಪಗಳನ್ನು ಮತ್ತೆ ಮತ್ತೆ ಕೆದಕಿ ಹೇಳತೊಡಗಿದ. ಬಹಳ ಸ್ಪಷ್ಟವಾಗಿ ನೆನಪಾದದ್ದನ್ನು ಬಿಟ್ಟು ಹಳೆಯದನ್ನು ಹೇಳಬೇಡ ಎಂದು ಗುರು ಅಪ್ಪಣೆ ಕೊಟ್ಟರೆ ಅವನಿಗೆ ಎಲ್ಲವೂ ಬಹಳ ಸ್ಪಷ್ಟವೇ! ತಂಗಿದ್ದ ಕೋಣೆಯಲ್ಲಿದ್ದ ದೊಡ್ಡ ಕಿಂಡಿಯಿಂದ ಕೆಳಗೆ ಹಾರಿಬಿಡಬೇಕೆಂಬ ಯೋಚನೆ ಬಂತು. ದೇವರು ಉತ್ತರ ಕೊಡುವತನಕ ಊಟ ಮುಟ್ಟುವುದಿಲ್ಲವೆಂದು ಒಂದು ವಾರ ಉಪವಾಸ ಕೂತ. ಗುರು ಅದನ್ನೂ ನಿಲ್ಲಿಸಿದ. ಕೊನೆಗೆ ಈ ಕಾಟ ಎಲ್ಲಿಂದ ಬರುತ್ತಿದೆ, ತನ್ನನ್ನು ಎಲ್ಲಿಗೆ ಒಯ್ಯುತ್ತಿದೆ ಎಂದು ತಣ್ಣಗೆ ಗಮನಿಸಿ, ಹಳೆಯ ಪಾಪಗಳನ್ನು ಇನ್ನು ಮುಂದೆ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ. ಅವನ 'ಆಧ್ಯಾತ್ಮಿಕ ಸಾಧನೆಗಳು' ಗ್ರಂಥ 1548ರಲ್ಲಿ ಅಚ್ಚಾದಾಗ ಅದರಲ್ಲಿ ಇಂಥ ಅನುಮಾನಗಳನ್ನು ಎದುರಿಸುವ ಟಿಪ್ಪಣಿಗಳೂ ಇದ್ದವು. ತಾನು ಬಿದ್ದ ಹಳ್ಳವನ್ನು ಇತರರಿಗಾಗಿ ಗುರುತು ಮಾಡಿಟ್ಟ.

ಮಾರ್ಟಿನ್ ಲೂಥರನದೂ ಹೆಚ್ಚು ಕಡಿಮೆ ಇದೇ ಕಥೆ. 1505ರ ಜುಲೈಯಲ್ಲಿ ಸಿಡಿಲಿಗೆ ಹೆದರಿ ಸನ್ಯಾಸಿಯಾಗುವ ಹರಕೆ ಹೊತ್ತವನು, 1507ರಲ್ಲಿ ತನ್ನ ಮೊದಲ ಬಲಿಪೂಜೆಯಲ್ಲಿ ಭಯದಿಂದ ನಡುಗಿದವನು, ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಮಠದ ಹಿರಿಯ ಸ್ಟೌಪಿಟ್ಸನನ್ನು ಸುಸ್ತು ಮಾಡುತ್ತಿದ್ದವನು. 'ಯಾತ್ರಿಕನ ಸಂಚಾರ'ವೆಂದು ಕನ್ನಡಕ್ಕೆ ಬಂದ ಕೃತಿಯ ಕರ್ತೃ ಜಾನ್ ಬನ್ಯನ್ ತನಗೆ ಕ್ಷಮೆಯೇ ಇಲ್ಲವೆಂದು ವರ್ಷಗಟ್ಟಲೆ ನರಳಿದ್ದನ್ನು 1666ರಲ್ಲಿ ಆತ್ಮಕಥೆಯಾಗಿ ಬರೆದ. ಲಿಸಿಯೂವಿನ ತೆರೇಸಾ ಹನ್ನೆರಡರ ಪ್ರಾಯದಲ್ಲಿ ಇದೇ ಕಾಟಕ್ಕೆ ಸಿಕ್ಕಿ, ದಿನವೂ ಅಕ್ಕ ಮರಿಯಾಳ ಮುಂದೆ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಂಡು ಹಗುರಾಗುತ್ತಿದ್ದಳು. ಮುಂದೆ ಮಗು ತಂದೆಯ ತೋಳಿಗೆ ಹೋಗುವಂತೆ ದೇವರ ಬಳಿ ಹೋಗಬಹುದೆಂದು ಬರೆದವಳು ಅವಳೇ, 1997ರಲ್ಲಿ ಧರ್ಮಸಭೆ ಅವಳನ್ನು ಮಹಾಬೋಧಕಿಯರ ಸಾಲಿಗೆ ಸೇರಿಸಿತು.

ಇವರೆಲ್ಲರ ವಿಷಯದಲ್ಲಿ ಗಮನಿಸಬೇಕಾದ್ದೊಂದಿದೆ. ಯಾರಿಗೂ ಭಕ್ತಿ ಕಡಿಮೆಯಿರಲಿಲ್ಲ. ಹೆಚ್ಚು ಪ್ರಾರ್ಥಿಸು, ಹೆಚ್ಚು ಉಪವಾಸ ಮಾಡು ಎಂಬ ಬುದ್ಧಿವಾದ ಅವರ ಕಾಯಿಲೆಯನ್ನು ಬೆಳೆಸುತ್ತಿತ್ತೇ ಹೊರತು ಇಳಿಸುತ್ತಿರಲಿಲ್ಲ. ಕೆಲವರಿಗಾದರೂ ಗುಣವಾಗತೊಡಗಿದ್ದು ಎದುರಿಗೆ ಒಬ್ಬ ಮನುಷ್ಯ ಕೂತು, ಗಾಬರಿಯಾಗದೆ ಕೇಳಿ, ಸಾಕು ಎಂದು ಹೇಳಿದಾಗ. ಇಂದಿಗೂ ಸಭೆಗಳಲ್ಲಿ ಹೆದರಿದವರಿಗೆ ಸಿಗುವ ಮೊದಲ ಸಲಹೆ ಹೆಚ್ಚು ಪ್ರಾರ್ಥಿಸಿ ಎಂಬುದೇ. ಒಳ್ಳೆಯ ಮನಸ್ಸಿನಿಂದ ಕೊಟ್ಟರೂ ಅದು ಎಷ್ಟೋ ಜನರನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಮನಶ್ಶಾಸ್ತ್ರ ಈ ಅಂಗಳಕ್ಕೆ ಬಂತು. ಜ್ಯೂರಿಚಿನ ಪಾದ್ರಿ, ಫ್ರಾಯ್ಡನ ಸ್ನೇಹಿತ ಆಸ್ಕರ್ ಫಿಸ್ಟರ್ 1944ರಲ್ಲಿ ಕ್ರೈಸ್ತಧರ್ಮ ಮತ್ತು ಭಯ ಎಂಬ ವಿಷಯದ ಮೇಲೆಯೇ ದೊಡ್ಡ ಗ್ರಂಥ ಬರೆದ. ಪ್ರೀತಿಯ ಧರ್ಮ ತನ್ನ ಚರಿತ್ರೆಯುದ್ದಕ್ಕೂ ಹೇಗೆ ಮತ್ತೆ ಮತ್ತೆ ಭಯದ ಧರ್ಮವಾಯಿತು ಎಂಬುದು ಅವನ ಸಂಕಟ. ಅಮೆರಿಕದಲ್ಲಿ ಆಂಟನ್ ಬೋಯ್ಸನ್ ಎಂಬ ಪಾದ್ರಿ 1920ರಲ್ಲಿ ತಾನೇ ಮಾನಸಿಕ ಆಸ್ಪತ್ರೆಗೆ ಸೇರಬೇಕಾಯಿತು. ಹೊರಬಂದವನು 1924ರಲ್ಲಿ ವೂಸ್ಟರ್ ಮಾನಸಿಕ ಆಸ್ಪತ್ರೆಯ ಪಾದ್ರಿಯಾದ, ಮರುವರ್ಷ ಪಾದ್ರಿ ವಿದ್ಯಾರ್ಥಿಗಳನ್ನು ಕರೆತಂದು ರೋಗಿಗಳ ಪಕ್ಕದಲ್ಲಿ ಕೂರಿಸಿದ. ಅವರನ್ನು ಓದದೆ ಪುಸ್ತಕ ಮಾತ್ರ ಓದಿದರೆ ಸಾಲದು ಎಂಬುದು ಅವನ ನಂಬಿಕೆ. ಅಲ್ಲಿಂದ ಬೆಳೆದ ತರಬೇತಿ ನಮ್ಮ ದೇಶಕ್ಕೂ ಬಂದಿದೆ. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಪಾದ್ರಿಗಳು ವಾರ್ಡಿನಲ್ಲಿ ಕಲಿಯುತ್ತಾರೆ. ವೆಲ್ಲೂರಿನ ಕ್ರಿಶ್ಚಿಯನ್ ಕೌನ್ಸೆಲಿಂಗ್ ಸೆಂಟರ್ ಈ ವಿದ್ಯೆಯನ್ನು ದಶಕಗಳಿಂದ ಕಲಿಸುತ್ತ ಬಂದಿದೆ.

ದೇವರ ಭಯ ಮೈಯನ್ನೂ ಮುಟ್ಟುತ್ತದೆ ಎಂಬುದಕ್ಕೆ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರ 2001ರ ಅಧ್ಯಯನವನ್ನು ನೋಡಬಹುದು. ಆಸ್ಪತ್ರೆಗೆ ಸೇರಿದ 55 ದಾಟಿದ 596 ರೋಗಿಗಳನ್ನು ಅವರು ಎರಡು ವರ್ಷ ಹಿಂಬಾಲಿಸಿದರು. ದೇವರು ತಮ್ಮನ್ನು ಕೈಬಿಟ್ಟನೇ ಎಂದು ಕೊರಗುತ್ತಿದ್ದವರು, ಅವನ ಪ್ರೀತಿಯನ್ನೇ ಶಂಕಿಸುತ್ತಿದ್ದವರು ಸಾಯುವ ಸಂಭವ ಉಳಿದವರಿಗಿಂತ ಹೆಚ್ಚಿತ್ತು. ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಉಳಿಯಿತು. ಮರುವರ್ಷ ಜೊನಾಥನ್ ಅಬ್ರಮೋವಿಟ್ಸ್ ಮತ್ತಿತರರು 19 ಪ್ರಶ್ನೆಗಳ ಅಳತೆಗೋಲೊಂದನ್ನು ಪ್ರಕಟಿಸಿದರು. ಪಾಪದ ಭಯ ಒಂದು ಭಾಗ, ದೇವರ ಭಯ ಇನ್ನೊಂದು. ಕೆಲವರಲ್ಲಿ ಇದು ಗೀಳು ಕಾಯಿಲೆಯ, ಅಂದರೆ ಓಸಿಡಿಯ, ಒಂದು ರೂಪ ಎಂದು ವೈದ್ಯರು ಈಗ ಒಪ್ಪುತ್ತಾರೆ. ಕೈ ತೊಳೆದದ್ದು ಸಾಲದೆಂದು ಮತ್ತೆ ಮತ್ತೆ ತೊಳೆಯುವವರಂತೆ ಇವರು ಪ್ರಾರ್ಥನೆಯನ್ನು ಮತ್ತೆ ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ.

ಹಾಗಾದರೆ ಆಪ್ತಸಮಾಲೋಚನೆಯ ಕೋಣೆಯಲ್ಲಿ ನಡೆಯುವುದೇನು? ಒಂದು ಉದಾಹರಣೆ ಕಟ್ಟಿ ನೋಡಬಹುದು. ಇದು ನಡೆದ ಒಂದು ಪ್ರಕರಣವಲ್ಲ, ಕೆಲಸ ಸಾಗುವ ರೀತಿಯನ್ನು ತೋರಿಸಲು ಜೋಡಿಸಿದ್ದು. ತವರು ಬೆಟಗೇರಿ, ಗಂಡನ ಕೆಲಸ ತಳೋಜಾದಲ್ಲಿ, ಮನೆ ಡೊಂಬಿವಲಿ ಪೂರ್ವದಲ್ಲಿ. ಮೊದಲ ಮಗು ಹೊಟ್ಟೆಯಲ್ಲೇ ಹೋಗಿದೆ. ಆಮೇಲೆ ಆಕೆ ಬೈಬಲ್ ತೆರೆದರೆ ಎದೆ ಡವಡವ ಎನ್ನುತ್ತದೆ.

"ನನ್ನ ಪಾಪಕ್ಕ ಕೂಸು ಹೋತ್ರೀ ಮೇಡಂ" ಎನ್ನುತ್ತಾಳೆ.

ಒಳ್ಳೆಯ ಸಮಾಲೋಚಕಿ ಇಲ್ಲ ಇಲ್ಲ, ಹಾಗೆಲ್ಲ ಅಂದುಕೊಳ್ಳಬೇಡಮ್ಮಾ ಎಂದು ಬಾಯಿ ಮುಚ್ಚಿಸುವುದಿಲ್ಲ. ಯಾವ ಪಾಪ ಅನ್ನಿಸ್ತದವ್ವಾ ಎಂದು ಕೇಳುತ್ತಾಳೆ. ಉತ್ತರ ಬರಲು ಎರಡು ಮೂರು ವಾರ ಹಿಡಿಯಬಹುದು. ಮದುವೆಗೆ ಮೊದಲು ಯಾರನ್ನೋ ಇಷ್ಟಪಟ್ಟದ್ದು ಇರಬಹುದು, ಅತ್ತೆ ಸಾಯುವಾಗ ನೋಡಿಕೊಳ್ಳಲಿಲ್ಲವೆಂಬ ಕೊರಗಿರಬಹುದು, ಬಸುರಿನ ಸುದ್ದಿ ತಿಳಿದ ದಿನ ಈಗ ಬೇಡವಾಗಿತ್ತು ಎಂದು ಒಂದು ಗಳಿಗೆ ಅನಿಸಿದ್ದಿರಬಹುದು. ಹೇಳಿದ ಮೇಲೆ ಆಕೆ ಎದುರಿಗಿರುವವಳ ಮುಖ ನೋಡುತ್ತಾಳೆ. ಅಲ್ಲಿ ಅಸಹ್ಯ ಕಾಣುವುದಿಲ್ಲ. ಇಡೀ ಚಿಕಿತ್ಸೆಯಲ್ಲಿ ಇಷ್ಟು ತೂಕದ ಗಳಿಗೆ ಇನ್ನೊಂದಿಲ್ಲ.

ಆಮೇಲೆ ಬೈಬಲನ್ನು ಜೊತೆಯಾಗಿ ಓದುವ ಕೆಲಸ. ಹುಟ್ಟುಕುರುಡನನ್ನು ಕಂಡು ಪಾಪ ಯಾರದು, ಇವನದೋ ಹೆತ್ತವರದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕುತ್ತಾನೆ. ಸಿಲೋವದ ಗೋಪುರ ಕುಸಿದು 18 ಮಂದಿ ಸತ್ತ ಸುದ್ದಿಯನ್ನೆತ್ತಿ, ಸತ್ತವರು ಊರಿನ ಉಳಿದವರಿಗಿಂತ ಪಾಪಿಷ್ಠರಾಗಿರಲಿಲ್ಲ ಎನ್ನುತ್ತಾನೆ. ಡೊಂಬಿವಲಿಯವರಿಗೆ ಗೋಪುರ ಕುಸಿಯುವುದು ಪುಸ್ತಕದ ಸಂಗತಿಯಲ್ಲ. 2013ರ ಏಪ್ರಿಲ್ 4ರಂದು ಪಕ್ಕದ ಶೀಲ್ ಫಾಟಾದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಬಿದ್ದು 74 ಜನ ಸತ್ತರು. ಅಪ್ಪಣೆಯಿಲ್ಲದೆ, ಕಳಪೆ ಸಾಮಾನಿನಿಂದ, ಅವಸರದಲ್ಲಿ ಎಬ್ಬಿಸಿದ ಕಟ್ಟಡ ಅದು. ಸತ್ತವರ ಪಾಪಕ್ಕೂ ಅದಕ್ಕೂ ಸಂಬಂಧ ಹಚ್ಚುವುದು ಕಟ್ಟಿದವರ ತಪ್ಪನ್ನು ದೇವರ ತಲೆಗೆ ಕಟ್ಟಿದಂತೆ.

ದುಃಖ ಮತ್ತು ಸಿಟ್ಟನ್ನು ದೇವರ ಮುಂದೆಯೇ ಇಡಲು ಕಲಿಸುವುದು ಮುಂದಿನ ಹಂತ. ಹೆದರಿದವರು ದೇವರ ಮುಂದೆ ಬಹಳ ಸಭ್ಯರಾಗಿರುತ್ತಾರೆ. ಹೊಗಳಿಕೆ, ಕ್ಷಮಾಪಣೆ, ಮತ್ತೆ ಹೊಗಳಿಕೆ. ಆದರೆ ಕೀರ್ತನೆಗಳ ಪುಸ್ತಕದಲ್ಲಿ ದೇವರನ್ನು ದೂರುವ ಹಾಡುಗಳು ಸಾಲುಸಾಲಾಗಿವೆ. 88ನೇ ಕೀರ್ತನೆಯಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಓದಿ, ನಿನ್ನ ದೂರನ್ನೂ ಹೀಗೆ ಬರೆದು ತಾ ಎಂದಾಗ ಎಷ್ಟೋ ಜನ ಹಾಳೆ ಮುಂದಿಟ್ಟುಕೊಂಡು ಬಹಳ ಹೊತ್ತು ಬರೆಯಲಾರದೆ ಕೂರುತ್ತಾರೆ. ಬರೆದದ್ದು ಊರಿನ ಮಾತಿನಲ್ಲಿದ್ದರೆ ಕಣ್ಣೀರು ಬೇಗ ಬರುತ್ತದೆ. ಅಪ್ಪನ ಬೆಲ್ಟು, ಸಂಡೇ ಸ್ಕೂಲಿನ ಬೆತ್ತ ಎಲ್ಲವೂ ಆ ಹಾಳೆಯ ಮೇಲೆ ಬರತೊಡಗುತ್ತವೆ. ಮನುಷ್ಯ ದೇವರ ಚಿತ್ರವನ್ನು ಎಳವೆಯಲ್ಲಿ ತಂದೆತಾಯಿಯರ ಮುಖದಿಂದಲೂ ಕಟ್ಟಿಕೊಳ್ಳುತ್ತಾನೆ ಎಂದು ಅನಾ-ಮರಿಯಾ ರಿಜುಟೊ ಎಂಬ ಮನೋವೈದ್ಯೆ 1979ರ ಪುಸ್ತಕವೊಂದರಲ್ಲಿ ವಿವರವಾಗಿ ತೋರಿಸಿದ್ದಾರೆ.

ಗೀಳಿನ ಲಕ್ಷಣ ಇರುವವರಿಗೆ ಮಾತ್ರ ದಾರಿ ಬೇರೆ. ಅವರಿಗೆ ಸಮಾಧಾನ ಹೇಳಿದಷ್ಟೂ ಮತ್ತೆ ಸಮಾಧಾನ ಬೇಕಾಗುತ್ತದೆ. ಇಲ್ಲಿ ತರಬೇತಾದ ಚಿಕಿತ್ಸಕರು ಕೊಡುವ ಅಭ್ಯಾಸ ಮೇಲ್ನೋಟಕ್ಕೆ ಭಕ್ತಿಗೆ ವಿರುದ್ಧ ಎನಿಸಬಹುದು. ಪ್ರಾರ್ಥನೆಯಲ್ಲಿ ಒಂದು ಮಾತು ತಪ್ಪಿದರೂ ಮೊದಲಿನಿಂದ ಶುರುಮಾಡದೆ ಮುಗಿಸಿ ಎದ್ದುಬಿಡಬೇಕು. ಜಪಸರದಲ್ಲಿ ಒಂದು ಮಣಿ ಬಿಟ್ಟುಹೋಯಿತೇ, ಹೋಗಲಿ. ಎದೆ ಬಡಿತ ಏರುತ್ತದೆ, ಕೈ ಬೆವರುತ್ತದೆ. ಏನನ್ನೂ ಮಾಡದೆ ಅದನ್ನು ತಡೆದುಕೊಂಡರೆ ಏರಿದ್ದು ತಾನಾಗಿ ಇಳಿಯುತ್ತದೆ. ವಾರವಾರಕ್ಕೆ ಏರುವುದು ಕಡಿಮೆಯಾಗುತ್ತದೆ. ಹಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಒಬ್ಬರೇ ಗುರುಗಳ ಬಳಿ ಹೋಗು, ಒಮ್ಮೆ ಹೇಳಿದ ಪಾಪವನ್ನು ಮತ್ತೆ ಹೇಳಬೇಡ ಎಂದು ಹಳೆಯ ಕಾಲದ ಅನುಭವಿ ಗುರುಗಳು ಹೇಳುತ್ತಿದ್ದುದಕ್ಕೂ ಇದಕ್ಕೂ ಎಷ್ಟು ಹತ್ತಿರದ ನಂಟು! ಈ ಕಾಟವನ್ನು ಸ್ವತಃ ಅನುಭವಿಸಿದ ಅಲ್ಫೋನ್ಸಸ್ ಲಿಗೋರಿ 1732ರಲ್ಲಿ ಕಟ್ಟಿದ ರಿಡೆಂಪ್ಟರಿಸ್ಟ್ ಸಭೆಯವರು ಅಮೆರಿಕದಲ್ಲಿ ಇಂಥವರಿಗಾಗಿಯೇ ಪತ್ರಿಕೆ ನಡೆಸಿದ್ದುಂಟು. ಪಾಪನಿವೇದನೆಯ ಪೀಠ ಹಿಂಸೆಯ ಕೋಣೆಯಾಗಕೂಡದೆಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಗುರುಗಳಿಗೆ ನೆನಪಿಸಿದ್ದೂ ಇದೇ ಜಾಡಿನದು.

ಇನ್ನು, ಯಾರ ಬಳಿ ಹೋಗುವುದು ಎಂಬ ಕಠಿಣ ಪ್ರಶ್ನೆ. ಕ್ರೈಸ್ತ ಆಪ್ತಸಮಾಲೋಚನೆ ಎಂಬ ಫಲಕದಡಿ ಎಲ್ಲ ಬಗೆಯವರೂ ಕೂತಿರುತ್ತಾರೆ. ಶಾಪ ಬಿಡಿಸುತ್ತೇವೆ, ಆತ್ಮ ಓಡಿಸುತ್ತೇವೆ ಎಂದು ಕೂಗಾಡಿ, ಹೆದರಿದವರನ್ನು ಇನ್ನಷ್ಟು ಹೆದರಿಸುವವರು ಈ ಭಾಗದಲ್ಲೂ ಇದ್ದಾರೆ, ಎಲ್ಲ ಧರ್ಮಗಳಲ್ಲೂ ಇದ್ದಾರೆ. ನರೇಂದ್ರ ದಾಭೋಲ್ಕರರ ಕೊಲೆಯ ನಂತರ 2013ರಲ್ಲಿ ಮಹಾರಾಷ್ಟ್ರ ತಂದ ಕಾಯ್ದೆಯಂತೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಮನಶ್ಶಾಸ್ತ್ರಜ್ಞರು, ಸಮಾಲೋಚಕರು ಮೊದಲಾದ ವೃತ್ತಿಗಳಿಗೆ ನಿಯಮದ ಚೌಕಟ್ಟು ತರುವ ಕೇಂದ್ರ ಕಾನೂನು 2021ರಲ್ಲಿ ಬಂದಿದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಎಲ್ಲಿ ಕಲಿತಿರಿ, ನಾನು ಹೇಳಿದ್ದು ಎಲ್ಲಿಯವರೆಗೆ ಗುಟ್ಟಾಗಿರುತ್ತದೆ, ಅಗತ್ಯವಾದರೆ ವೈದ್ಯರ ಬಳಿ ಕಳಿಸುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ಎದ್ದು ಬರುವುದೇ ಕ್ಷೇಮ. ಕಥೊಲಿಕ ಗುರುಗಳಿಗೆ ಪಾಪನಿವೇದನೆಯ ಗುಟ್ಟು ಪ್ರಾಣ ಹೋದರೂ ಬಿಡುವಂತಿಲ್ಲದ್ದು. ಸಭಾಪಾಲಕರ ಮನೆಯ ಜಗಲಿಯಲ್ಲಿ ಆಡಿದ ಮಾತಿಗೆ ಅಂಥ ಕಟ್ಟು ಇರುವುದಿಲ್ಲ. ಅದು ಮುಂದಿನ ವಾರದ ಪ್ರಾರ್ಥನಾ ಕೂಟದಲ್ಲಿ ಹೆಸರಿಲ್ಲದ ಬಿನ್ನಹವಾಗಿ ಕೇಳಿಬಂದು ಸಂಬಂಧ ಮುರಿದುಬೀಳುವುದೂ ಉಂಟು.

ವೈದ್ಯರ ಬಳಿ ಹೋಗಲು ಈ ಭಾಗದವರಿಗೆ ಇನ್ನೊಂದು ಅಳುಕಿದೆ. ಥಾಣೆಯ ಮಾನಸಿಕ ಆಸ್ಪತ್ರೆ 1901ರಷ್ಟು ಹಳೆಯದು. ಇವನನ್ನು ಥಾಣೆಗೆ ಕಳಿಸಬೇಕು ಎಂದು ಮುಂಬಯಿಯವರು ತಲೆಮಾರುಗಳಿಂದ ಆಡಿಕೊಳ್ಳುತ್ತ ಬಂದಿದ್ದಾರೆ. ಆ ಮಾತಿನ ಪೆಟ್ಟು ತಿಂದವರು ಚಿಕಿತ್ಸೆಯ ಬಾಗಿಲಿಗೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಮಾತ್ರೆ ನುಂಗಿದರೆ ನಂಬಿಕೆ ಸಾಲದು ಎಂದರ್ಥವೇ ಎಂದು ಭಕ್ತರು ಕೇಳುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಂಡು ಪ್ರಾರ್ಥನೆಗೆ ಬರುವ ಹಿರಿಯರನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ.

ಇನ್ನೊಂದು ತೊಡಕು ಬರೀ ಜಾಗದ್ದು. ಡೊಂಬಿವಲಿಯ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರದಲ್ಲಿ ನಾಲ್ಕೈದು ಜನ. ಬೆಳಿಗ್ಗೆ ಲೋಕಲ್ ಹಿಡಿದು ಹೊರಟವರು ಮನೆ ಸೇರುವುದು ರಾತ್ರಿ. ಒಬ್ಬರೇ ಕೂತು ಅಳಲೂ ಮೂಲೆಯಿಲ್ಲ. ಫೋನಿನಲ್ಲಿ ಸಮಾಲೋಚನೆ ಮಾಡುವವರು ಕಟ್ಟಡದ ಗಚ್ಚಿಗೆ ಹೋಗಬೇಕು, ಇಲ್ಲವೇ ಪ್ಲಾಟ್‌ಫಾರಂನ ತುದಿಯ ಬೆಂಚು ಹುಡುಕಬೇಕು. ಮಾತು ಎದೆಯ ಹತ್ತಿರ ಬಂದಾಗ ಫಾಸ್ಟ್ ಲೋಕಲ್ ಧಡಧಡ ಹಾದುಹೋಗುತ್ತದೆ.

ಇಲ್ಲಿಯೇ ಭಾಷೆಯ ಮಾತೂ ಬರುತ್ತದೆ. ಸಮಾಲೋಚಕರು ಇಂಗ್ಲಿಷು, ಹಿಂದಿ, ಮರಾಠಿಯಲ್ಲಿ ಸಿಗುತ್ತಾರೆ. ಅಂಗಡಿ, ಕಚೇರಿಗೆ ಆ ಭಾಷೆಗಳು ಸಾಕು. ಕಣ್ಣು ಕೀಳುವ ದೇವರನ್ನು ಕನ್ನಡದಲ್ಲೋ ಕೊಂಕಣಿಯಲ್ಲೋ ತುಳುವಿನಲ್ಲೋ ಕೇಳಿ ಬೆಳೆದವರು ಅವನ ಬಗ್ಗೆ ಹಿಂದಿಯಲ್ಲಿ ಹೇಳಹೊರಟರೆ ವರದಿ ಒಪ್ಪಿಸಿದಂತಾಗುತ್ತದೆ, ಒಳಗಿನ ಗಂಟು ಹಾಗೆಯೇ ಉಳಿಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡವೂ ಅದರ ಭಾಷೆಗಳಲ್ಲೊಂದು. ಸಾಯುವ ಯೋಚನೆ ಬಂದವರು ಭಾನುವಾರದವರೆಗೆ, ಪಾಸ್ಟರ್ ಊರಿನಿಂದ ಬರುವವರೆಗೆ ಕಾಯದೆ ಆ ಕ್ಷಣವೇ ಕರೆಮಾಡಬೇಕು. ಮನೆಯವರು ಗೊತ್ತಾದ ಕೂಡಲೇ ಜೊತೆಗೆ ನಿಂತು ಆಸ್ಪತ್ರೆಗೆ ಕರೆದೊಯ್ಯಬೇಕು.

ಆದರೆ ಫೋನು ಒಂದು ಮಟ್ಟಿಗೆ ಮಾತ್ರ. ಯೋಬನ ಗೆಳೆಯರು ಅವನ ಪಾಡನ್ನು ಕಂಡು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಜೊತೆಗೆ ಕೂತಿದ್ದರು. ಅವರು ಎಡವಿದ್ದು ಬಾಯಿ ಬಿಟ್ಟು ಕಾರಣ ವಿವರಿಸಲು ಹೊರಟಾಗ. ಹಾಗೆ ಕೂರಲು ಬಲ್ಲವರನ್ನು ನಮ್ಮ ಸಭೆಗಳು ತಯಾರು ಮಾಡಬೇಕಾಗಿದೆ. ಮಂಗಳೂರಿನ ಬಲ್ಮಠದ ಕರ್ನಾಟಕ ದೈವಜ್ಞಾನ ಕಾಲೇಜಿನಲ್ಲಿ ಕನ್ನಡದ ಸಭಾಪಾಲಕರು ಓದುತ್ತಾರೆ. ಅದೇ ಊರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯದ ಶಿಕ್ಷಣ ನಡೆದಿದೆ. ಅಲ್ಲಿ ಕಲಿತು ಮುಂಬಯಿ ಕಡೆ ಬಂದವರು ಈ ಭಾಗದಲ್ಲಿ ಸಿಕ್ಕರೆ ಅವರನ್ನು ಕಲೆಹಾಕುವುದು ಅಸಾಧ್ಯದ ಮಾತಲ್ಲ. ಕನ್ನಡ ಸಂಘಗಳು ಕಣ್ಣಿನ ತಪಾಸಣೆಗೆ, ರಕ್ತದಾನಕ್ಕೆ ಸಭಾಂಗಣ ತೆರೆಯುತ್ತವೆ. ಇಗರ್ಜಿಗಳಲ್ಲಿ ಕ್ಯಾಟೆಕಿಸಂ ನಡೆಯುವ ಕೋಣೆಗಳು ಭಾನುವಾರ ಮಧ್ಯಾಹ್ನ ಖಾಲಿಯಿರುತ್ತವೆ. ಬಾಗಿಲು ಮುಚ್ಚಲು ಬರುವ ಒಂದು ಕೋಣೆ, ಎರಡು ಕುರ್ಚಿ, ತರಬೇತಿ ಪಡೆದು ಕನ್ನಡ, ಕೊಂಕಣಿ ಬಲ್ಲ ಒಬ್ಬರು, ಹತ್ತಿರದ ಮನೋವೈದ್ಯರ ಫೋನ್ ನಂಬರು. ವಾರಕ್ಕೆ ಎರಡು ಗಂಟೆ. ಶುರುಮಾಡಲು ಇಷ್ಟು ಬೇಕು, ಮತ್ತು ಅಲ್ಲಿಗೆ ಬಂದುಹೋದವರ ಹೆಸರು ಸಭೆಯ ಯಾವ ಪುಸ್ತಕದಲ್ಲೂ ಬರೆಯಕೂಡದು.